ಹಿಂದಿನ ಸೀಟಿನ ಹೆಲ್ಮೆಟ್ಟು

ನಾನು ಒಂದು ಹೆಲ್ಮೆಟ್ಟು. ಅದೂ ಸವಾರನದಲ್ಲ, ಹಿಂದೆ ಕೂರುವವರದು. ಯಾವುದೋ ಕಾರ್ಖಾನೆಯ ಅಚ್ಚಿನಲ್ಲಿ ಹುಟ್ಟಿ ಮೈಸೂರಿನ ಅಂಗಡಿಗೆ ಬಂದೆ. ಯತೀಶ ನನ್ನನ್ನು ಕೊಂಡ. ಅವನ ಹೆಂಡತಿ ನಿರುಪಮಾ ನನ್ನ ನೆತ್ತಿಗೆ ಸೂರ್ಯಕಾಂತಿಯ ಸ್ಟಿಕ್ಕರ್ ಅಂಟಿಸಿದಳು. ಉಳಿದ ವಸ್ತುಗಳು ಯಜಮಾನರನ್ನು ಕೆಳಗಿನಿಂದ ನೋಡಿ ಭಕ್ತಿಪಡುತ್ತವಂತೆ. ತಲೆಯ ಮೇಲೇ ಕೂರುವ ನನಗೆ ಆ ಭಕ್ತಿ ಬರಲಿಲ್ಲ.

ಮದುವೆಯ ಹೊಸತರಲ್ಲಿ ಅವರೊಂದು ನೇಮ ಮಾಡಿಕೊಂಡಿದ್ದರು. ಭಾನುವಾರ ಬೆಳಿಗ್ಗೆ ಬೈಕು ಹತ್ತಿ, ಇಬ್ಬರೂ ಹಿಂದೆಂದೂ ಕಾಲಿಡದ ಪುಟ್ಟ ಹೋಟೆಲೊಂದನ್ನು ಹುಡುಕಿ, ಅಲ್ಲಿ ಒಂದೇ ಕಾಫಿಯನ್ನು ಬೈಟು ಮಾಡಿ ಕುಡಿಯುವುದು. ನಂಜನಗೂಡು, ತಲಕಾಡು, ಟಿ. ನರಸೀಪುರ, ಎಷ್ಟು ಮೇಜುಗಳ ಮೇಲೆ ಕೂತೆನೋ. ಶಾಲೆಯಲ್ಲಿ ವಾರವಿಡೀ ಮಕ್ಕಳ ಹಿಂದೆ ಓಡಿ ದಣಿದ ನಿರುಪಮಾಗೆ ಅದೇ ಹಬ್ಬ. ಕಾಫಿಗೆ ಎರಡು ಚಮಚ ಸಕ್ಕರೆ ಹಾಕಿಸಿಕೊಂಡು, "ಇದು ನಮ್ಮಿಬ್ರದೇ ಹೋಟ್ಲು ಕಣ್ರೀ," ಎನ್ನುವಳು.

ಮೂರನೆಯ ವರ್ಷ ಯತೀಶನಿಗೆ ಶನಿವಾರವೂ ಆಫೀಸು ಶುರುವಾಯಿತು. ಆಫೀಸಿಗೆ ಹೋಗುವವನಿಗೆ ನಾನ್ಯಾಕೆ? ಆದರೂ ಒಯ್ಯುತ್ತಿದ್ದ. ನನ್ನೊಳಗೆ ಬೇರೊಂದು ತಲೆ ಬಂದು ಕೂತಿತು, ಅದರ ಎಣ್ಣೆಯ ವಾಸನೆಯೇ ಬೇರೆ. ಮನೆಗೆ ಬಂದವನೇ ನನ್ನನ್ನು ಬಿಸಿಲಿಗಿಟ್ಟು ಆರಿಸುತ್ತಿದ್ದ, ಥೂ. ನಿರುಪಮಾಳ ಕಿವಿಗೆ ನನ್ನಷ್ಟು ಹತ್ತಿರ ಇನ್ಯಾರಿದ್ದರು? ಒಂದು ಮಾತು ಹೇಳಲಾಗಲಿಲ್ಲ.

ಒಂದು ಭಾನುವಾರ ಪಾಂಡವಪುರದ ದಾರಿಯಲ್ಲಿ, ಹೊಂಗೆಮರದ ಕೆಳಗೆ ಚಿಕ್ಕ ಹೋಟೆಲು ಕಂಡು ಅವಳು ಗಂಡನ ಬೆನ್ನು ತಟ್ಟಿದಳು.

"ಬೇಡ, ಇಲ್ಲಿ ಚೆನ್ನಾಗಿರಲ್ಲ."

"ನೋಡ್ದೇನೇ ಹೇಗ್ರೀ ಹೇಳ್ತೀರ? ನಿಲ್ಸಿ."

ಯತೀಶ ಫೋನಿನ ನೆಪ ಹೇಳಿ ಹೊರಗೇ ಉಳಿದ. ಅವಳು ಒಳಗೆ ಹೋಗಿ ನನ್ನನ್ನು ಮೇಜಿನ ಮೇಲಿಟ್ಟಳು. ಹೋಟೆಲಿನ ಐತಾಳರಿಗೆ ಕಣ್ಣು ಮಂಜು, ಆದರೆ ಗಿರಾಕಿಯ ರುಚಿ ಮರೆಯುವವರಲ್ಲ. ಖಾಯಂ ಬರುವವರನ್ನು ಏನು ಬೇಕೆಂದು ಕೇಳಿದರೆ ಅವರಿಗೆ ಮರ್ಯಾದೆ ಕಡಿಮೆ ಮಾಡಿದಂತೆ ಎಂದು ನಂಬಿದವರು. ಸೂರ್ಯಕಾಂತಿ ಕಂಡದ್ದೇ ಬೈಟು ತಂದಿಟ್ಟರು.

"ನಿಮ್ದಕ್ಕೆ ಸಕ್ಕರೆ ಹಾಕಿಲ್ಲಮ್ಮ, ನಂಗೆ ನೆನಪಿದೆ. ಈ ಹೂವಿನ ಹೆಲ್ಮೆಟ್ ನೋಡಿದ್ ಕೂಡ್ಲೇ ಗೊತ್ತಾಯ್ತು. ಪ್ರತಿ ಶನಿವಾರ ಬರೋರು, ಇವತ್ತೇನು ಭಾನುವಾರ?"

ಅವಳು ಸಕ್ಕರೆಯಿಲ್ಲದ ಆ ಲೋಟವನ್ನು ಕೈಗೆತ್ತಿಕೊಂಡು ನಿಧಾನವಾಗಿ ಪೂರ್ತಿ ಕುಡಿದಳು. ಯತೀಶ ಒಳಬಂದಾಗ ಅವಳು ಕೇಳಿದ್ದು ಒಂದೇ ಮಾತು.

"ಎಷ್ಟು ಶನಿವಾರ?"

ಅವಳು ನನ್ನನ್ನು ಮೇಜಿನ ಮೇಲೇ ಬಿಟ್ಟು ಎದ್ದು ಹೋಗಿ ಮೈಸೂರಿನ ಬಸ್ಸು ಹತ್ತಿದಳು. ನನ್ನನ್ನು ಮುಟ್ಟಲು ಅವನಿಗೂ ಧೈರ್ಯವಾಗಲಿಲ್ಲ.

ಈಗ ಆ ಹೋಟೆಲಿನ ಅಟ್ಟದ ಮೇಲೆ ಬೋರಲು ಬಿದ್ದಿದ್ದೇನೆ, ಪಾರ್ಸೆಲ್ ಕಟ್ಟುವ ದಾರದುಂಡೆಯ ಪಕ್ಕ. ಅವಳು ಬರುವುದಿಲ್ಲ, ಯಾಕೆ ಬರುತ್ತಾಳೆ? ಬಿದ್ದರೆ ಪೆಟ್ಟಾಗದಿರಲಿ ಎಂದು ನನ್ನನ್ನು ಕೊಂಡರು. ಪಾಪ, ಅವಳು ಬೈಕಿನಿಂದ ಒಮ್ಮೆಯೂ ಬೀಳಲಿಲ್ಲ. ಅವಳ ಗುಟ್ಟಿಲ್ಲದ ತಲೆಯನ್ನು ಕಾದಷ್ಟೇ ಜೋಪಾನವಾಗಿ ಆ ಇನ್ನೊಂದು ತಲೆಯನ್ನೂ ಕಾದೆನಲ್ಲ, ಅದಕ್ಕೇ ಹೊಟ್ಟೆ ಉರಿಯುತ್ತದೆ.

ಐತಾಳರು ಈಗ ಇಪ್ಪತ್ತು ವರ್ಷದಿಂದ ಬರುವ ಗಿರಾಕಿಯನ್ನೂ ಕೇಳುತ್ತಾರೆ: "ಸಕ್ಕರೆ ಹಾಕ್ಲಾ?" ಕೇಳುವಾಗ ಅಟ್ಟದ ಕಡೆ ಮಾತ್ರ ನೋಡುವುದಿಲ್ಲ.