ಚೇತನಾ ಒಬ್ಬಳಿಗೇ ಗೊತ್ತಿರಲಿಲ್ಲ

ನಮ್ಮಲ್ಲಿ ಮಕ್ಕಳನ್ನು ಬೈಯುವುದು ಎದುರಿಗೆ, ಹೊಗಳುವುದು ಬೆನ್ನ ಹಿಂದೆ. ಎದುರು ಹೊಗಳಿದರೆ ದೃಷ್ಟಿಯಾಗುತ್ತದೆಂದು ಹೆದರಿಕೆ. ಯಡ್ತರೆಯ ಸುಂದರಿಯಕ್ಕನಿಗಂತೂ ಈ ಹೆದರಿಕೆ ಒಂದು ತೂಕ ಹೆಚ್ಚೇ.

ಇದು 2006ರ ಮಾತು. ಅವರ ಮಗಳು ಚೇತನಾ ಪಿಯುಸಿ ಮುಗಿಸಿ ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಿದ್ದಳು. ಸಂಜೆ ಜಗಲಿಯಲ್ಲಿ ಅಕ್ಕಪಕ್ಕದ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಊರಲ್ಲಿ ಅಂಗನವಾಡಿ ಟೀಚರ್ ಕೆಲಸ ಖಾಲಿಯಿತ್ತು. ಅರ್ಜಿ ಕೊಡಲು ಮರುದಿನವೇ ಕಡೆ. ಮಹಿಳಾ ಸಂಘದ ಸುಗುಣ ತಂದುಕೊಟ್ಟಿದ್ದ ಅರ್ಜಿಯನ್ನು ಚೇತನಾ ತುಂಬಿಸದೆ ಹಾಗೇ ಇಟ್ಟಿದ್ದಳು.

ಆ ಸಂಜೆ ವಿಚಾರಿಸಲು ಬಂದ ಸುಗುಣಳನ್ನು ಸುಂದರಿಯಕ್ಕ ಬಾವಿಕಟ್ಟೆಗೆ ಕರೆದೊಯ್ದು ಪಿಸುಗುಟ್ಟಿದರು.

"ಪಕ್ಕದ್ಮನಿ ರತೀಶ ಶಾಲಿ ಅಂದ್ರೆ ಕಣ್ಣೀರ್ ಹಾಕಿ ಮರ್ಕ್ತಿದ್ದ. ನಮ್ಮ ಹೆಣ್ ಗೇರುಬೀಜ ಹರಡಿ ಲೆಕ್ಕ ಕಲ್ಸಿತ್. ಈಗ ಕರೀದೇ ಬತ್ತ ಕಾಣ್."

"ಇದನ್ನ್ ಚೇತನಾ ಹತ್ರ ಯಾವತ್ತಾರೂ ಹೇಳಿದ್ರಿಯಾ ಅಕ್ಕಾ?"

"ಹೇಳುಕಾತ್ತಾ ಮರಾಯ್ತಿ, ದೃಷ್ಟಿ ಆತ್ತಿಲ್ಯಾ? ಹೆಣ್ಣಿಗೇ ಗೊತ್ತಿರತ್ತ್ ಬಿಡ್."

"ಗೊತ್ತಿದ್ರೆ ಅರ್ಜಿ ಎಂತಕ್ ಹಾಕ್ಲಿಲ್ಲೆ? 'ನಂಗ್ ಎಂತ ಬತ್ತ್ ಅಕ್ಕಾ, ಹೆತ್ತ ಅಬ್ಬಿಯೇ ಒಂದ್ ದಿನವೂ ಲಾಯ್ಕಿತ್ತ್ ಅಂದದ್ದಿಲ್ಲೆ' ಅಂದಿತ್ ನಿನ್ನೆ. ದೃಷ್ಟಿ ಆದ್ರೆ ಉಪ್ಪು ಮೆಣ್ಸು ಸುಳ್ದ್ ಒಲಿಗ್ ಹಾಕ್ಲಕ್. ನಾಳೆ ಕಳದ್ರೆ ಅರ್ಜಿಗ್ ಎಂತ ಮಾಡುದ್?"

ಸುಂದರಿಯಕ್ಕನ ಮುಖ ಸಣ್ಣದಾಯಿತು. ಮಗಳಿಗೆ ಒಳ್ಳೆಯದಾಗಲೆಂದು ನುಂಗಿದ ಮಾತು ಮಗಳನ್ನೇ ಕುಗ್ಗಿಸಿತ್ತು. ಪಾಪ, ಅದು ಅವರಿಗೆ ಹೊಳೆದೇ ಇರಲಿಲ್ಲ.

ಮಕ್ಕಳು ಹೋದ ಮೇಲೆ ಅವರು ಮಗಳ ಪಕ್ಕ ಕೂತರು.

"ಮಗಾ, ರತೀಶ ನಾಲ್ಕ್ ಸಲ ತಪ್ಪ್ ಮಾಡ್ರೂ ನೀ ಗದರ್ಲಿಲ್ಲೆ. ಐದ್ನೇ ಸಲವೂ ನಗ್ತಾ ಹೇಳ್ಕೊಟ್ಟೆ. ಅಷ್ಟ್ ತಾಳ್ಮೆ ನಂಗಿಲ್ಲೆ. ನೀ ಒಳ್ಳೆ ಟೀಚರ್ ಆತೆ."

"ಇದೆಲ್ಲ ಯಾವಾಗ ಕಂಡದ್ದ್ ಅಬ್ಬಿ?"

"ದಿನಾ ಕಾಂತೆ. ಒಳ್ಗ್ ನಿಂತ್ಕಂಡ್."

ಚೇತನಾಳ ಕಣ್ಣು ತುಂಬಿತು. ಎದ್ದು ಹೋಗಿ ಪೆನ್ನು ತಂದಳು. ಮರುದಿನ ತಾಯಿ ಮಗಳು ಬೆಳಗಿನ ಬಸ್ಸಿಗೇ ಕುಂದಾಪುರಕ್ಕೆ ಹೋಗಿ ಅರ್ಜಿ ಕೊಟ್ಟು ಬಂದರು. ಕೆಲಸ ಸಿಕ್ಕಿತಾ ಎಂದು ಕೇಳುತ್ತೀರಲ್ಲ? ಸಿಕ್ಕಿತು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಏನನ್ನೋ ಚೆಂದಕ್ಕೆ ಮಾಡುತ್ತಾರೆ. ಅದನ್ನು ನೆರೆಮನೆಗೆ ಹೇಳಿದ್ದು ಸಾಕು. ಬರೀ "ಜಾಣೆ" ಅಂದು ಸುಮ್ಮನಾಗಬೇಡಿ, ನೀವು ಕಂಡದ್ದೇನೋ ಅದನ್ನೇ ಹೇಳಿ. ಇವತ್ತು ಊಟಕ್ಕೆ ಕೂತಾಗ, ಅವರ ಮುಖ ನೋಡಿ ಹೇಳಿ.