ಬಡಗಿ ಮೇಸ್ತ್ರಿ ಮಣ್ಣು ಹಿಡಿದದ್ದು

ಊರಿನ ಅರ್ಧ ಮನೆಗಳಿಗೆ ಬಾಗಿಲು ಕೂರಿಸಿದ ಕೈ ಅದು. ಅಂಥ ಬಡಗಿ ಮೇಸ್ತ್ರಿಗೆ ಅರವತ್ತರ ಹೊಸ್ತಿಲಲ್ಲಿ ಮರವೇ ಮುನಿಯಿತು. ಮರದ ಪುಡಿ ಸೋಕಿದರೆ ಸಾಕು, ಮೈಯೆಲ್ಲ ದದ್ದು. ಇನ್ನು ಗರಗಸದ ಹತ್ತಿರ ಸುಳಿಯಬೇಡಿ ಎಂದರು ಡಾಕ್ಟರು. ಮೇಸ್ತ್ರಿ ಮನೆಯಲ್ಲೇ ಕೂತು, ಗಟ್ಟಿಯಾಗಿದ್ದ ಕುರ್ಚಿಗಳನ್ನೆಲ್ಲ ಅಲ್ಲಾಡಿಸಿ ನೋಡುತ್ತ ಹೆಂಡತಿಗೆ ತಲೆಚಿಟ್ಟು ಹಿಡಿಸಿದರು.

ಹೆಂಡತಿಗೆ ಅವಳದೇ ಕಸುಬಿತ್ತು. ಹಿತ್ತಲ ಶೆಡ್ಡಿನಲ್ಲಿ ಕುಂಬಾರರ ಚಕ್ರ, ಅಂದರೆ ಕರೆಂಟಿನ ತಿಗರಿ ಇಟ್ಟುಕೊಂಡು ಹೂಕುಂಡ, ಬಟ್ಟಲು, ಹೂಜಿ ಮಾಡಿ ಮಾರುತ್ತಿದ್ದಳು. ಮೇಸ್ತ್ರಿ ಅದನ್ನು ಇಷ್ಟು ವರ್ಷವೂ "ಮಣ್ಣಾಟ" ಎಂದೇ ಕರೆದಿದ್ದರು.

"ಕೂತು ನನ್ನ ಪ್ರಾಣ ತಿನ್ನೋ ಬದಲು ಬಂದು ಕಲೀರಿ," ಅಂದಳು ಅವಳು.

"ಮರಾನೇ ಪಳಗಿಸಿದೋನಿಗೆ ಮಣ್ಣೇನು ಮಹಾ!"

ಮಹಾ ಆಯಿತು. ತಿಗರಿಯ ಮೇಲೆ ತಿರುಗುವ ಮಣ್ಣಿನ ಮುದ್ದೆ ನಡುವಿನಲ್ಲಿ ನಿಲ್ಲಲೇ ಒಲ್ಲದು. ಒತ್ತಿದರೆ ಈ ಕಡೆ ವಾಲಿತು, ಇನ್ನೂ ಒತ್ತಿದರೆ ಕಿತ್ತುಕೊಂಡು ಹೋಗಿ ಗೋಡೆಗೆ ಬಡಿಯಿತು.

"ಮೊಣಕೈ ತೊಡೆಗೆ ಊರಿ ಅಂದೆನಲ್ಲ?"

"ಕೈ ಎಲ್ಲಿಡ್ಬೇಕು ಅಂತ ನಂಗೆ ಹೇಳ್ಕೊಡ್ಬೇಡ ಕಣೇ. ನಿನ್ನ ತಿಗರೀನೇ ಸೊಟ್ಟಗಿದೆ."

ಮರುದಿನ ಮಟ್ಟಗೋಲು ತಂದು ತಿಗರಿ ಅಳೆದರು. ನೆಟ್ಟಗಿತ್ತು. ಆಮೇಲೆ ಮಣ್ಣು ಸರಿಯಿಲ್ಲ ಎಂದರು, ನೀರು ಹೆಚ್ಚಾಯಿತು ಎಂದರು, ಸ್ಟೂಲು ಗಿಡ್ಡ ಎಂದು ಅದರ ಕಾಲಿಗೆ ಇಟ್ಟಿಗೆ ಕೊಟ್ಟರು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಕೊನೆಗೆ ಕದ್ದುಮುಚ್ಚಿ ಒಂದು ಮುದ್ದೆ ಒಣಗಿಸಿ, ಉಳಿ ಹಿಡಿದು ಬಟ್ಟಲು ಕೆತ್ತಲು ಹೋದರು. ಮೂರನೇ ಏಟಿಗೆ ಅದು ಹೋಳಾಯಿತು. ಸಿಟ್ಟಿಗೆ ಹೋಳುಗಳನ್ನೆಲ್ಲ ಕಾಲಿನಿಂದ ಒದೆಯುವಾಗ ಹೆಂಡತಿ ಒಳಗೆ ಬಂದಳು. ಅವಳು ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

"ನಿಮ್ಮ ಅಂಗಡೀಲಿ ಹೊಸಬ ಒಬ್ಬ ಹೀಗೆ ಹಾರಾಡಿದ್ರೆ ಏನ್ಮಾಡ್ತಿದ್ರಿ?"

"ಉಳಿ ಕಿತ್ಕೊಂಡು ಕಸ ಗುಡಿಸೋಕೆ ಹಚ್ತಿದ್ದೆ," ಎಂದು ಬಾಯಿ ತಪ್ಪಿ ಅಂದುಬಿಟ್ಟರು.

ಅವಳು ಉಳಿ ಕಿತ್ತುಕೊಂಡು ಒದ್ದೆ ಬಟ್ಟೆ ಕೈಗಿಟ್ಟಳು. "ಇಲ್ಲಿ ಗುಡಿಸಿದ್ರೆ ಧೂಳೇಳತ್ತೆ. ಒರೆಸಿ."

ಒರೆಸಿದರು. ಒರೆಸುವಾಗೆಲ್ಲ ಗೊಣಗಿದರು. ವಾರಗಟ್ಟಲೆ ಮಣ್ಣು ನಾದಿದ್ದು, ಬಕೆಟ್ಟು ತೊಳೆದದ್ದು, ಬಟ್ಟಲು ಒಣಗಿಸುವ ಹಲಗೆ ಎತ್ತಿಟ್ಟದ್ದು ಬಿಟ್ಟರೆ ತಿಗರಿ ಮುಟ್ಟಲು ಅವಳು ಬಿಡಲಿಲ್ಲ. ಕೆಲಸವಿಲ್ಲದ ಕಣ್ಣು ಮಾತ್ರ ಅವಳ ಮೇಲೇ ಇತ್ತು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿಯೂ ಅವಳು ಕೆಲಸ ಮಾಡುವುದನ್ನು ತಾವು ಒಮ್ಮೆಯೂ ನಿಂತು ನೋಡಿಲ್ಲ ಎಂಬುದು ಅವರಿಗೆ ಆಗ ಹೊಳೆಯಿತು. ಅವಳು ಒತ್ತುತ್ತಲೇ ಇರಲಿಲ್ಲ. ಮೈ ಕಲ್ಲಿನಂತೆ ಕೂರಿಸಿ, ಮಣ್ಣೇ ಬಂದು ಕೈಗೆ ಸರಿಯಾಗುವವರೆಗೆ ಕಾಯುತ್ತಿದ್ದಳು.

"ಮೊಣಕೈ..." ಎಂದರು ಒಂದು ಮಧ್ಯಾಹ್ನ, ಕೈಯ ಬಟ್ಟೆ ಬದಿಗಿಟ್ಟು. "ಅದನ್ನ ಎಲ್ಲಿ ಊರ್ಬೇಕು? ಇನ್ನೊಂದ್ಸಲ ತೋರ್ಸು."

ಅವಳು ಎದ್ದು ತಿಗರಿಯ ಮುಂದೆ ಅವರನ್ನು ಕೂರಿಸಿ, ಅವರ ಮೊಣಕೈ ಹಿಡಿದು ತೊಡೆಯ ಒಳಮಗ್ಗುಲಿಗೆ ಒತ್ತಿದಳು. ತಿಗರಿ ತಿರುಗಿತು. ಮುದ್ದೆ ಅದುರಿತು, ಅದುರಿತು, ನಿಂತಿತು.

"ನೋಡಿದ್ಯಾ! ನಾನ್ ಮೊದ್ಲೇ ಹೇಳಿರ್ಲಿಲ್ವಾ..." ಎಂದು ಅವರು ಕತ್ತೆತ್ತಿದರು. ಮುದ್ದೆ ಚಂಗನೆ ಹಾರಿ ಅವರದೇ ಎದೆಗೆ ಬಡಿಯಿತು.

"ಥೂ! ಹಾಳಾದ್ದು!" ಅಂಗಿಯಿಂದ ಮಣ್ಣು ಕೆರೆದು ಬಕೆಟ್ಟಿಗೆ ಹಾಕಿದರು. ಆಮೇಲೆ ಕೈ ಚಾಚಿದರು. "ಇನ್ನೊಂದು ಮುದ್ದೆ ಕೊಡು."

"ನೀವೇ ನಾದ್ಕೊಳ್ಳಿ," ಅಂದಳು ಅವಳು.