ಎರಡು ಸೆಂಟಿಮೀಟರ್ ಅಂಚು

ನನ್ನ ಹೆಂಡತಿಯ ಮೀನಖಂಡದ ಮೇಲಿದ್ದ ಕಪ್ಪು ಮಚ್ಚೆ ಚರ್ಮದ ಕ್ಯಾನ್ಸರ್ ಎಂದು ತಿಳಿದಾಗ, ಶಸ್ತ್ರವೈದ್ಯರು ಅದರ ಸುತ್ತ ಪೆನ್ನಿನಿಂದ ಗೆರೆ ಎಳೆದರು.

"ಮಚ್ಚೆ ಅಂಚಿಂದ ಎಲ್ಲಾ ಕಡೆ ಎರಡು ಸೆಂಟಿಮೀಟರ್ ಒಳ್ಳೇ ಚರ್ಮಾನೂ ತೆಗೀತೀವಮ್ಮ. ಕಣ್ಣಿಗೆ ಕಾಣದ್ದು ಅಲ್ಲಿ ಅಡಗಿರಬಹುದು."

"ಇವರನ್ನ ಕೇಳ್ಬೇಡಿ ಡಾಕ್ಟ್ರೇ," ಎಂದು ಅವಳು ಗದ್ದದಿಂದಲೇ ನನ್ನತ್ತ ತೋರಿಸಿದಳು. "ನಲವತ್ತು ವರ್ಷದ ಟೈಲರು. ಗೇಣು ಬಟ್ಟೆ ಉಳಿಸೋಕೆ ಜೀವ ತಿಂತಾರೆ."

"ಧಾರಾಳವಾಗಿ ಕತ್ತರಿಸಿ," ಎಂದೆ ನಾನು.

ಗಾಯ ಮಾಯಿತು. ಎಂಟು ತಿಂಗಳಿಗೆ ರೋಗ ಶ್ವಾಸಕೋಶದಲ್ಲಿ ಕಾಣಿಸಿಕೊಂಡಿತು. ಮಳೆಗಾಲ ಮುಗಿಯುವುದರೊಳಗೆ ಅವಳು ಹೋದಳು.

ಅವಳ ಆಸ್ಪತ್ರೆಯ ಕಾಗದಗಳನ್ನು ಕಟ್ಟಿಡುವಾಗ ಲ್ಯಾಬಿನ ವರದಿ ಕೈಗೆ ಸಿಕ್ಕಿತು. ತೆಗೆದ ಚರ್ಮದ ಅಂಚು ಒಂದು ಪಾಯಿಂಟ್ ಆರು ಸೆಂಟಿಮೀಟರ್ ಎಂದು ಬರೆದಿತ್ತು. ನಾಲ್ಕು ಮಿಲಿಮೀಟರ್ ಕಡಿಮೆ. ಅಷ್ಟು ಉಳಿಸಲು ಹೋಗಿ ಡಾಕ್ಟರು ನನ್ನವಳನ್ನು ಕಳೆದರಲ್ಲ ಎಂದುಕೊಂಡೆ. ಅಂದಿನಿಂದ ಬೆಳಗಿನ ಪ್ರಾರ್ಥನೆಯಲ್ಲಿ, ಆ ಕೈ ಮಾಡಿದ್ದನ್ನು ಆ ಕೈಯೇ ಉಣ್ಣಲಿ ಎಂದು ಬೇಡಿದೆ. ಹೀಗೆ ಒಂದೂವರೆ ತಿಂಗಳು. ಕೊನೆಗೆ ವರದಿ ಹಿಡಿದು ವೈದ್ಯರ ಮುಂದೆ ಕೂತೆ.

"ಎರಡು ಅಂದ್ರಿ. ಇದೇನು?"

ಅವರು ವರದಿಯನ್ನು ಎರಡು ಸಲ ಓದಿದರು.

"ಎರಡೇ ತೆಗೆದದ್ದು, ಯಜಮಾನ್ರೇ, ಸ್ಕೇಲಿಟ್ಟು. ಕಾಲಿಂದ ಬಿಡಿಸಿದ ತಕ್ಷಣ ಚರ್ಮ ಕುಗ್ಗುತ್ತೆ. ಔಷಧಿ ನೀರಲ್ಲಿ ಹಾಕಿದ್ಮೇಲೆ ಇನ್ನಷ್ಟು. ಲ್ಯಾಬಿನವರು ಅಳೆಯೋದು ಆ ಕುಗ್ಗಿದ ತುಂಡನ್ನ."

ಹೊಸ ಹತ್ತಿ ಬಟ್ಟೆಯನ್ನು ನೆನೆಸಿ ಒಣಗಿಸದೆ ಒಮ್ಮೆಯೂ ಕತ್ತರಿ ಇಟ್ಟವನಲ್ಲ ನಾನು. ಚರ್ಮದ ವಿಷಯದಲ್ಲಿ ಅದು ಹೊಳೆಯಲೇ ಇಲ್ಲ.

"ಮತ್ತೆ ಅದು ಎದೆಗೆ ಹೋಗಿದ್ದು ಹೇಗೆ?"

"ನಾವು ಮುಟ್ಟೋ ಮೊದಲೇ ರಕ್ತಕ್ಕೆ ಇಳಿದಿತ್ತು ಅನ್ಸುತ್ತೆ. ಇನ್ನೂ ಅಗಲಕ್ಕೆ ತೆಗೆದಿದ್ರೂ ಅದು ಸಿಗ್ತಿರಲಿಲ್ಲ."

"ನಿಮಗೆ ಕೇಡಾಗಲಿ ಅಂತ ದೇವರನ್ನ ಬೇಡ್ಕೊಂಡೆ, ಸ್ವಾಮಿ. ದಿನಾ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬೇರೆಯವರೂ ಬೇಡ್ಕೊಂಡಿರ್ತಾರೆ. ಬಂದು ಹೇಳಿದೋರು ನೀವೊಬ್ರೇ."

ಮರುದಿನ ಬೆಳಗ್ಗೆ ಕೈಮುಗಿದು ನಿಂತು, ಆ ಕೈ ಚೆನ್ನಾಗಿರಲಿ ಎಂದೆ. ಅದಾದ ಮೇಲೆ ಬೇಡಲು ಏನೂ ಉಳಿದಿರಲಿಲ್ಲ. ಅಷ್ಟು ದಿನ ಸಿಟ್ಟಿನ ಆಸರೆಯಲ್ಲೇ ನಿಂತಿದ್ದೆ. ಅವಳಿಲ್ಲ ಎನ್ನುವುದು ನನಗೆ ಗೊತ್ತಾದದ್ದು ಆಗ. ನೆಲದ ಮೇಲೆ ಕೂತು, ದೇವರೆದುರು, ಅವಳನ್ನು ಕರೆದು ಅಳತೊಡಗಿದೆ.